ಮೊದಲು ಕೂರಿಸಿ, ಆಮೇಲೆ ಉಣಿಸಿ

ಕೇಳುಗರಿಗೆ ನಮಸ್ಕಾರ.

ಬಾಯಿ ಕ್ಯಾನ್ಸರಿಗೆ ಆಪರೇಷನ್ ಆಗಿ ಮಲಗಿರುವ ಗಂಡನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುವ ಹೆಣ್ಣುಮಗಳ ಜೊತೆ ಇವತ್ತು ಮಾತಾಡಬೇಕಾಗಿದೆ. ಹೆಂಡತಿಯ ಪಕ್ಕ ಕೂತ ಗಂಡಸರೂ ಕೇಳಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹೆಂಗಸರಿಗೂ ಈ ಕಾಯಿಲೆ ಬರುತ್ತದೆ, ಅವರ ಪಕ್ಕ ಕೂರುವವರು ನೀವೇ. ಕಾಯಿಲೆ ಯಾಕೆ ಬಂತು ಅನ್ನುವ ವಿಚಾರ ಇವತ್ತು ಬೇಡ. ನೀವೂ ಮಂಚದ ಪಕ್ಕ ಅದನ್ನು ತೆಗೆಯಬೇಡಿ. "ಎಷ್ಟು ಬಡಕೊಂಡೆ, ಗುಟ್ಕಾ ಬಿಡು ಅಂತ" ಎಂಬ ಮಾತಿಗೆ ಉತ್ತರ ಕೊಡಲು ಅವರ ಬಾಯಲ್ಲಿ ಈಗ ಮಾತೇ ಇಲ್ಲ.

ಹೇಳಬೇಕಾದ್ದು ಒಂದೇ. ಮೊದಲು ಕೂರಿಸಿ, ಆಮೇಲೆ ಉಣಿಸಿ. ಇವತ್ತು ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಕೆನ್ನೆ, ದವಡೆ, ನಾಲಿಗೆಯ ಭಾಗ ತೆಗೆದು, ಎದೆಯಿಂದಲೋ ತೊಡೆಯಿಂದಲೋ ಮಾಂಸ ತಂದು ಅಲ್ಲಿ ಕೂರಿಸಿರುತ್ತಾರೆ. ಬಾಯೊಳಗಿನ ಹೊಲಿಗೆ ಒಣಗುವ ತನಕ, ಅಂದರೆ ಸುಮಾರು 10ರಿಂದ 14 ದಿನ, ಊಟವೆಲ್ಲ ಮೂಗಿನ ಕೊಳವೆಯಲ್ಲಿ. ಅದೇ ರೈಲ್ಸ್ ಟ್ಯೂಬ್. ವಾರ್ಡಿನಲ್ಲಿ ಬಹಳ ಜನ ಅದನ್ನು ರೈಸ್ ಟ್ಯೂಬ್ ಅನ್ನುತ್ತಾರೆ. ಅಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಲಂಡನ್ನಿನ ಗೈಸ್ ಆಸ್ಪತ್ರೆಯ ಡಾಕ್ಟರ್ ಜಾನ್ ರೈಲ್ 1921ರಲ್ಲಿ ಹೊಟ್ಟೆಯ ರಸವನ್ನು ಹೊರಗೆ ತೆಗೆದು ಪರೀಕ್ಷೆ ಮಾಡಲು ಇಂಥ ಸಣ್ಣ ಕೊಳವೆ ಬಳಸಿದರು. ಹೊರಗೆ ತೆಗೆಯಲು ಬಂದದ್ದರಲ್ಲಿ ನಾವು ಈಗ ಒಳಗೆ ಕಳಿಸುತ್ತಿದ್ದೇವೆ. ಸಣ್ಣ ಕೊಳವೆ ಅನ್ನುವುದು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಕೂರಿಸುವುದು ಯಾಕೆ? ಹೊಟ್ಟೆಯ ಬಾಯಲ್ಲಿ ಒಂದು ಬಿಗಿ ಇರುತ್ತದೆ, ಉಂಡದ್ದು ಮೇಲೆ ಬರದ ಹಾಗೆ. ಕೊಳವೆ ಆ ಬಿಗಿಯ ನಡುವೆ ಹಾದುಹೋಗಿರುವುದರಿಂದ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಮಲಗಿಸಿ ಹಾಕಿದರೆ ಗಂಜಿ ಗಂಟಲಿಗೆ ಮರಳಿ ಬರುತ್ತದೆ. ನಮಗೆ ಹಾಗಾದರೆ ಕೆಮ್ಮಿ ಹೊರಹಾಕುತ್ತೇವೆ. ಇವರಿಗೆ ಗಂಟಲು ಮರಗಟ್ಟಿದೆ, ನುಂಗುವ ಶಕ್ತಿ ಕುಂದಿದೆ. ಕೊರಳಲ್ಲಿ ಉಸಿರಾಟಕ್ಕೆ ತೂತು ಮಾಡಿ ಟ್ಯೂಬ್ ಇಟ್ಟಿದ್ದರೆ ಜೋರಾಗಿ ಕೆಮ್ಮಲೂ ಆಗದು. ಗಂಜಿ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಅದು ಹೇಗೆ ಆಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಯಾವ ವಾರ್ಡಿನಲ್ಲಾದರೂ ಆಗಬಹುದಾದ ಸಂಗತಿ, ಆಗುವುದು ಅಕ್ಕರೆಯಿಂದಲೇ. ಆಪರೇಷನ್ ಆಗಿ ನಾಲ್ಕನೆಯ ದಿನ ಅಂತಿಟ್ಟುಕೊಳ್ಳಿ. ಹೆಂಡತಿ ಕೊಳವೆಯಲ್ಲಿ ಹಾಕುವುದನ್ನು ಕಲಿತಿದ್ದಾಳೆ, ಕೈ ಪಳಗಿದೆ. ಹಿಂದಿನ ರಾತ್ರಿ ಗಂಡ ಕಣ್ಣು ಮುಚ್ಚಿಲ್ಲ, ಮಧ್ಯಾಹ್ನ ಹೇಗೋ ಜೊಂಪು ಹತ್ತಿದೆ. ಎರಡು ಗಂಟೆಯ ಫೀಡ್ ಹೊತ್ತಾಯಿತು. ಎಬ್ಬಿಸಲು ಮನಸ್ಸು ಬಾರದು. ನೋಡಲು ಬಂದ ಅತ್ತಿಗೆ ಪಕ್ಕದಲ್ಲಿ ನಿಂತು, "ಮಲಗಿರಲಿ ಬಿಡೇ, ಪಾಪ, ಹಂಗೇ ಹಾಕು, ಕೊಳವೇಲಿ ತಾನೆ ಹೋಗೋದು" ಅನ್ನುತ್ತಾಳೆ. ಸರಿ ಅಂತ ಈಕೆ ಸಿರಿಂಜ್ ಹಿಡಿಯುತ್ತಾಳೆ. ಬೇಗ ಮುಗಿಯಲಿ ಅಂತ ಸ್ವಲ್ಪ ಎತ್ತರಕ್ಕೇ ಹಿಡಿಯುತ್ತಾಳೆ. ಇನ್ನೂರೈವತ್ತು ಮಿಲಿ ಐದೇ ನಿಮಿಷಕ್ಕೆ ಇಳಿದುಹೋಗುತ್ತದೆ. ಗಂಡ ನಿದ್ದೆಯಲ್ಲೇ ಒಮ್ಮೆ ಮುಲುಗುತ್ತಾನೆ, ಎರಡು ಸಲ ಸಣ್ಣಗೆ ಕೆಮ್ಮುತ್ತಾನೆ, ಮತ್ತೆ ಮಲಗುತ್ತಾನೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಸಂಜೆ ಉಸಿರು ಜೋರಾಗುತ್ತದೆ. ಕೊರಳ ಟ್ಯೂಬಿನಿಂದ ಕಫ ತೆಗೆಯಲು ಬಂದ ಸಿಸ್ಟರ್, ಕಫದ ಜೊತೆ ರಾಗಿಯ ಬಣ್ಣ ಕಂಡು ತಕ್ಷಣ ಡಾಕ್ಟರನ್ನು ಕರೆಯುತ್ತಾರೆ. ರಾತ್ರಿ ಜ್ವರ, ಬೆಳಗ್ಗೆ ಎಕ್ಸ್‌ರೇ, ನ್ಯುಮೋನಿಯಾ. ವಾರದಲ್ಲಿ ಮನೆಗೆ ಹೋಗಬೇಕಾದವರು ಐಸಿಯುಗೆ ಹೋಗುತ್ತಾರೆ. ಆಪರೇಷನ್ನಿನಲ್ಲಿ ಲೋಪವಿಲ್ಲ, ಹೊಲಿಗೆ ಗಟ್ಟಿಯಾಗಿದೆ, ಕೆಟ್ಟದ್ದು ಶ್ವಾಸಕೋಶ. ಅತ್ತಿಗೆಯ ಮೇಲೂ ನನಗೆ ಸಿಟ್ಟಿಲ್ಲ. ಆದರೆ "ಪಾಪ, ಮಲಗಿರಲಿ" ಅನ್ನುವ ಆ ಮಾತಿನ ಮೇಲೆ ಇದೆ. ಫೀಡ್ ಹೊತ್ತಲ್ಲಿ ಅದನ್ನು ಯಾರೇ ಆಡಲಿ, ದೊಡ್ಡವರೇ ಆಡಲಿ, ಕೇಳಬೇಡಿ. ನಿದ್ದೆ ಮಾಡಲಿ ಅನ್ನಿಸಿದರೆ ಅರ್ಧ ಗಂಟೆ ಕಾದು ಹಾಕಿ. ಮಲಗಿಸಿ ಮಾತ್ರ ಹಾಕಬೇಡಿ. ಮೊದಲು ಕೂರಿಸಿ, ಆಮೇಲೆ ಉಣಿಸಿ.

ಕೂರಿಸುವುದಕ್ಕೂ ಒಂದು ರೀತಿ ಇದೆ. ಮಂಚದ ಕಾಲ ಬಳಿ ಹಿಡಿ ಇರುತ್ತದೆ, ತಿರುಗಿಸಿದರೆ ತಲೆಯ ಕಡೆ ಏಳುತ್ತದೆ. ಈಸಿ ಚೇರಿನಲ್ಲಿ ಒರಗಿದಷ್ಟಾದರೂ, ಅಂದರೆ 30ರಿಂದ 45 ಡಿಗ್ರಿ, ಏಳಬೇಕು. ಹಿಡಿ ಕೆಟ್ಟಿದ್ದರೆ ದಿಂಬು ಜೋಡಿಸಿ, ಆದರೆ ತಲೆಯ ಕೆಳಗೆ ಮಾತ್ರ ಅಲ್ಲ. ತಲೆಗಷ್ಟೇ ಎರಡು ದಿಂಬು ಕೊಟ್ಟರೆ ಕುತ್ತಿಗೆ ಮಡಚುತ್ತದೆ, ಹೊಟ್ಟೆ ಅಮುಕುತ್ತದೆ, ಮೈ ಹಾಗೇ ಇರುತ್ತದೆ. ಸೊಂಟದಿಂದ ಶುರುಮಾಡಿ ಬೆನ್ನು, ಹೆಗಲು, ಆಮೇಲೆ ತಲೆಗೆ ಆಸರೆ ಕೊಡಿ. ಮಂಡಿಯ ಕೆಳಗೊಂದು ಸಣ್ಣ ದಿಂಬಿಟ್ಟರೆ ಮೈ ಕೆಳಗೆ ಜಾರುವುದಿಲ್ಲ. ಕುರ್ಚಿಯಲ್ಲಿ ಕೂರುವ ತ್ರಾಣ ಇದ್ದರೆ ಇನ್ನೂ ಒಳ್ಳೆಯದು.

ಈಗ ಕೈ ತೊಳೆಯಿರಿ, ಸೋಪು ಹಾಕಿ. ಕೊಳವೆ ಮೂಗಿನ ಹತ್ತಿರ ಎಲ್ಲಿರಬೇಕು ಅಂತ ಗುರುತು ಹಾಕಿಸಿಕೊಂಡಿರಿ, ಅದನ್ನು ಪ್ರತಿ ಸಲ ನೋಡಿ. ಗುರುತು ಹೊರಗೆ ಬಂದಿದ್ದರೆ ಏನೂ ಹಾಕಬೇಡಿ, ಸಿಸ್ಟರನ್ನು ಕರೆಯಿರಿ. ಸರಿಯಿದ್ದರೆ 50 ಮಿಲಿ ಸಿರಿಂಜಿನಲ್ಲಿ ಮೆಲ್ಲಗೆ ಎಳೆದು ನೋಡಿ. ಹಳದಿಯೋ ಹಸಿರೋ ಆದ ರಸ, ಇಲ್ಲವೆ ಒಡೆದ ಹಾಲಿನಂಥದ್ದು ಬರುತ್ತದೆ. ಹಿಂದಿನ ಫೀಡ್ ಪೂರಾ, 200 ಮಿಲಿಯಷ್ಟು, ಹಾಗೇ ವಾಪಸ್ ಬಂದರೆ ಹೊಟ್ಟೆ ಇನ್ನೂ ಕರಗಿಸಿಲ್ಲ. ಆ ಹೊತ್ತಿನದು ನಿಲ್ಲಿಸಿ ಸಿಸ್ಟರಿಗೆ ಹೇಳಿ.

ಕೊಳವೆಯನ್ನು ಬೆರಳಲ್ಲಿ ಮಡಚಿ ಹಿಡಿದೇ ಮುಚ್ಚಳ ತೆಗೆಯಿರಿ, ಇಲ್ಲದಿದ್ದರೆ ಗಾಳಿ ಒಳಗೆ ಹೋಗಿ ಹೊಟ್ಟೆ ಉಬ್ಬುತ್ತದೆ. ಸಿರಿಂಜಿನ ತಳ್ಳುವ ಕಡ್ಡಿ ತೆಗೆದಿಡಿ, ಅದು ಬೇಡ. ಮೊದಲು 30 ಮಿಲಿ ನೀರು. ಆಮೇಲೆ ಗಂಜಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿಕೊಂಡು. ಸಿರಿಂಜನ್ನು ಮೂಗಿಗಿಂತ ಒಂದಡಿ ಮೇಲೆ ಹಿಡಿದರೆ ಸಾಕು, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. 250 ಮಿಲಿಗೆ 15ರಿಂದ 20 ನಿಮಿಷ ಹಿಡಿಯಬೇಕು. ಸಿರಿಂಜ್ ಪೂರ್ತಿ ಖಾಲಿಯಾಗುವ ಮುಂಚೆಯೇ ಮತ್ತೆ ತುಂಬಿಸುತ್ತಿರಿ. ಕಡೆಗೆ 50 ಮಿಲಿ ನೀರು, ಮುಚ್ಚಳ. ಕೆಮ್ಮು, ಏದುಸಿರು, ತುಟಿ ನೀಲಿಯಾಗುವುದು, ಇದರಲ್ಲಿ ಯಾವುದು ಕಂಡರೂ ಆ ಕ್ಷಣಕ್ಕೆ ನಿಲ್ಲಿಸಿ, ಕೂಗಿ ಕರೆಯಿರಿ. ಮುಗಿದ ಮೇಲೆ ಒಂದು ಗಂಟೆ ಹಾಗೇ ಕೂತಿರಲಿ. ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎರಡೆರಡು ಗಂಟೆಗೆ ಹಾಕಿದರೆ ಎಂಟು ಸಲ, ಎರಡು ಲೀಟರ್. ರಾತ್ರಿ ಮಲಗುವಾಗಲೂ ಮಂಚ ಚಪ್ಪಟೆ ಮಾಡಬೇಡಿ.

ಇನ್ನು ಏನು ಹಾಕಬೇಕು. ಅಂಬಲಿ ಕೊಳವೆಯಲ್ಲಿ ಇಳಿಯುವುದಿಲ್ಲ ಅಂತ ನೀರು ಬೆರೆಸುತ್ತೀರಿ, ಮತ್ತೆ ಬೆರೆಸುತ್ತೀರಿ. ಕೊನೆಗೆ ಹೋಗುವುದು ನೀರು. ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ. ಅದಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸರಿ: ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿಸಿ. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟು ಒಡೆಯಲು ಶುರುವಾಗುತ್ತದೆ, ಆದ್ದರಿಂದ ಅಷ್ಟೇ ಹಿಟ್ಟಿಗೆ ಅಂಬಲಿ ತೆಳ್ಳಗಾಗುತ್ತದೆ. ನೀರು ಹೆಚ್ಚಿಸಬೇಕಿಲ್ಲ. ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಬೇಯಿಸಿ ನುಣ್ಣಗೆ ರುಬ್ಬಿದ ಮೊಟ್ಟೆಯ ಬಿಳಿ, ಒಂದು ಚಮಚ ಎಣ್ಣೆ ಸೇರಿಸಿ. ತೆಳುಬಟ್ಟೆಯಲ್ಲಿ ಸೋಸದೆ ಏನನ್ನೂ ಹಾಕಬೇಡಿ. ಹಾಲಿನ ಜೊತೆ ನಿಂಬೆ, ಮೋಸಂಬಿ ಬೇಡವೇ ಬೇಡ, ಕೊಳವೆಯಲ್ಲೇ ಒಡೆದು ಕಟ್ಟಿಕೊಳ್ಳುತ್ತದೆ. ಮಾಡಿಟ್ಟದ್ದು ಹೊರಗೆ ನಾಲ್ಕು ಗಂಟೆ ದಾಟಿದರೆ ಚೆಲ್ಲಿಬಿಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗೆ ಆಸ್ಪತ್ರೆಯ ಡಯಟಿಷಿಯನ್ ಹೇಳಿದ್ದೇ ಅಳತೆ, ನೆಂಟರು ತಂದ ಎಳನೀರೂ ಕೇಳಿಕೊಂಡೇ.

ಮಾತ್ರೆಗಳನ್ನು ಒಟ್ಟಿಗೆ ಕುಟ್ಟಬೇಡಿ. ಒಂದೊಂದನ್ನೇ ಪುಡಿ ಮಾಡಿ, ನೀರಲ್ಲಿ ಕರಗಿಸಿ, ನಡುವೆ ಸ್ವಲ್ಪ ನೀರು ಹಾಕಿ. ಎಲ್ಲವನ್ನೂ ಕುಟ್ಟುವ ಹಾಗೂ ಇಲ್ಲ. ಗ್ಯಾಸಿನ ಮಾತ್ರೆಯ ಮೇಲಿನ ಹೊದಿಕೆ ಒಡೆದರೆ ಹೊಟ್ಟೆಯ ಆಸಿಡ್ಡಿಗೆ ಸಿಕ್ಕಿ ಔಷಧ ಹಾಳಾಗುತ್ತದೆ, ನಿಧಾನಕ್ಕೆ ಕರಗುವ ಮಾತ್ರೆ ಕುಟ್ಟಿದರೆ ದಿನದ ಔಷಧ ಒಂದೇ ಸಲ ಏರುತ್ತದೆ. ಯಾವುದನ್ನು ಕುಟ್ಟಬಹುದು ಅಂತ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಕೊಳವೆ ಕಟ್ಟಿದರೆ 20 ಮಿಲಿ ಬೆಚ್ಚಗಿನ ನೀರನ್ನು ಸಿರಿಂಜಿನಲ್ಲಿ ಮೆಲ್ಲಗೆ ದೂಡಿ, ಎಳೆಯಿರಿ. ಜೋರು ಬೇಡ, ತಂತಿಯಂತೂ ಬೇಡ. ಕೊಳವೆ ಈಚೆ ಬಂದುಬಿಟ್ಟರೆ ನೀವು ತೂರಿಸಬೇಡಿ, ಗಂಟಲಿನ ಹೊಸ ಹೊಲಿಗೆ ಹರಿಯುತ್ತದೆ. ಮನೆಗೆ ಹೋದ ಮೇಲೆ ಹೀಗಾದರೂ ಅಷ್ಟೇ, ಅವತ್ತೇ ಆಸ್ಪತ್ರೆಗೆ ಬನ್ನಿ.

ಗಡಿಯಾರ ನೋಡಿದರೆ ಕೊಳವೆಯಲ್ಲೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೊರಳಿನ ಪಕ್ಕ ರಕ್ತನೀರು ಹೋಗುವ ಡ್ರೈನ್ ಇರುತ್ತದೆ. ದಿನಾ ಬೆಳಗ್ಗೆ ಅದೇ ಹೊತ್ತಿಗೆ ಸಿಸ್ಟರ್ ಅಳೆದದ್ದನ್ನು ನೀವೂ ಬರೆದಿಟ್ಟುಕೊಳ್ಳಿ. ಕೆಂಪಿದ್ದದ್ದು ದಿನೇ ದಿನೇ ತಿಳಿಯಾಗಬೇಕು, ಕಡಿಮೆಯಾಗಬೇಕು. ಎಣ್ಣೆ, ಹಾಲು ಹಾಕಲು ಶುರುಮಾಡಿದ ಮೇಲೆ ಅದು ಹಾಲಿನ ಹಾಗೆ ಬೆಳ್ಳಗಾದರೆ ಕೂಡಲೇ ತೋರಿಸಿ. ಕೊಬ್ಬು ಸಾಗಿಸುವ ಒಂದು ನಾಳ ಕೊರಳಲ್ಲಿ, ಹೆಚ್ಚಾಗಿ ಎಡಗಡೆ, ಸೋರುತ್ತಿರಬಹುದು. ಆಗ ಊಟದ ಎಣ್ಣೆಯನ್ನೇ ನಿಲ್ಲಿಸುತ್ತಾರೆ. ಎದೆಯಿಂದ ಮಾಂಸ ತಂದಿದ್ದರೆ ಅದರ ರಕ್ತನಾಳ ಕೊರಳ ಚರ್ಮದ ಕೆಳಗೇ ಹಾದಿರುತ್ತದೆ. ದೇವರ ದಾರ, ಸರ, ಶಾಲು, ಅಂಗಿಯ ಗುಂಡಿ, ಯಾವುದೂ ಅಲ್ಲಿ ಬಿಗಿಯಬಾರದು. ಬಾಯೊಳಗಿನ ಆ ಮಾಂಸ ಬಿಳಿಚಿಕೊಂಡರೆ, ಕಪ್ಪಿಟ್ಟರೆ ಬೆಳಗಿನ ರೌಂಡ್ಸಿಗೆ ಕಾಯಬೇಡಿ.

ಮಾತು ನಿಂತಿದೆ, ಕಿವಿ ನಿಂತಿಲ್ಲ. ಬಂದವರೆಲ್ಲ ಅವರ ಕಿವಿಯಲ್ಲಿ ಕಿರುಚುತ್ತಾರೆ, ತಡೆಯಿರಿ. ಮಕ್ಕಳ ಸ್ಲೇಟು, ಬಳಪ ಕೊಡಿ. ಓದುಬರಹ ಬಾರದವರಿಗೆ ನೀರು, ನೋವು, ಕಫ, ಬಚ್ಚಲು, ಮನೆ ಅಂತ ಐದು ಚಿತ್ರ ಬರೆದು ಕೊಟ್ಟರೆ ಬೆರಳಿಡುತ್ತಾರೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು ಇಲ್ಲ ಅನ್ನುವಂಥದ್ದು. ಕನ್ನಡಿ ಕೇಳಿದ ದಿನ ಕನ್ನಡಿ ಕೊಡಿ, ಬಚ್ಚಿಡಬೇಡಿ. ನೀವೂ ಪಕ್ಕದಲ್ಲೇ ಕೂತು ನೋಡಿ.

ನಿಮ್ಮ ಊಟ? ಅವರ ಎಂಟು ಫೀಡ್ ಲೆಕ್ಕ ಇಟ್ಟವರು ತಮ್ಮ ಒಂದು ಊಟ ಮರೆಯುತ್ತೀರಿ. ಹನ್ನೆರಡರ ಫೀಡ್ ಆದಮೇಲೆ ಅವರು ಒಂದು ಗಂಟೆ ಹೇಗೂ ಕೂತಿರುತ್ತಾರೆ, ಆಗ ಅವರ ಎದುರೇ ಬೇಡ, ಹೊರಗೆ ಹೋಗಿ ಉಣ್ಣಿ. ನಿಮ್ಮ ಬಿಪಿ, ಶುಗರ್ ಮಾತ್ರೆ ಊರಲ್ಲೇ ಬಿಟ್ಟು ಬಂದಿದ್ದರೆ ಇವತ್ತೇ ತರಿಸಿಕೊಳ್ಳಿ. ಎರಡು ರಾತ್ರಿ ನೀವು, ಮೂರನೆಯ ರಾತ್ರಿ ಇನ್ನೊಬ್ಬರು. ಹಾಗೆ ಬಂದವರಿಗೂ ಮಂಚದ ಹಿಡಿ ತೋರಿಸಿಕೊಟ್ಟೇ ಹೋಗಿ.

ಬಾಯಿ ತೆರೆಯುವ ವ್ಯಾಯಾಮ, ಹೆಗಲಿನ ವ್ಯಾಯಾಮ ಬಗ್ಗೆ ಹೇಳಲು ಸಮಯವಿಲ್ಲ. ಡಾಕ್ಟರ್ ಒಪ್ಪಿದ ಮೇಲೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ಇವತ್ತು ಎಷ್ಟು ಕಡ್ಡಿ ಹಿಡಿಯಿತು ಅಂತ ಎಣಿಸುವುದನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಕೇಳಿ ಕಲಿಯಿರಿ, ರೇಡಿಯೇಷನ್ ಶುರುವಾದ ಮೇಲೆ ಬಾಯಿ ಇನ್ನೂ ಬಿಗಿಯುತ್ತದೆ.

ಈಗ ಎಂಟಾಗಲು ಐದು ನಿಮಿಷ ಇದೆ. ಅಂಬಲಿ ಸೋಸಿ ಆಗಿದ್ದರೆ ಪಾತ್ರೆಯನ್ನು ಪಕ್ಕಕ್ಕಿಡಿ, ಮಂಚದ ಕಾಲ ಬಳಿ ಹೋಗಿ, ಮೊದಲು ಹಿಡಿ ತಿರುಗಿಸಿ. ನಮಸ್ಕಾರ.