ಡ್ರಾಪ್‌ಡೌನ್‌ನಲ್ಲಿ 31 ಜಿಲ್ಲೆ: ಆಪ್ಟ್‌ಗ್ರೂಪ್‌ಗೆ ಕ್ಲಾಸ್ ಬರೆಯೋದು ಹೇಗೆ

[ಸ್ಕ್ರೀನ್: ಒಂದು ಫಾರ್ಮ್, ಜಿಲ್ಲೆ ಡ್ರಾಪ್‌ಡೌನ್ ತೆಗೆದಿದೆ, ಸ್ಕ್ರೋಲ್ ಆಗ್ತಾ ಇದೆ]

ನಮಸ್ಕಾರ ಎಲ್ರಿಗೂ. ಈ ಡ್ರಾಪ್‌ಡೌನ್ ನೋಡಿ, ಕರ್ನಾಟಕದ 31 ಜಿಲ್ಲೆ ಒಂದರ ಕೆಳಗೊಂದು ರೇಷನ್ ಕ್ಯೂ ತರ ನಿಂತಿವೆ, ವಿಜಯನಗರದ ಕೆಳಗೇ ವಿಜಯಪುರ, ಫೋನಲ್ಲಿ ಹೆಬ್ಬೆಟ್ಟು ಸ್ವಲ್ಪ ಜಾರಿದ್ರೆ ಹೊಸಪೇಟೆಯೋರು ಗೋಳಗುಮ್ಮಟದ ಹತ್ರ ಇಳೀತಾರೆ. ಇದನ್ನೇ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಮ್ಮ ನಾಲ್ಕು ಕಂದಾಯ ವಿಭಾಗದ ಕೆಳಗೆ ಹಾಕಿದ್ರೆ ವಿಜಯಪುರ ಬೆಳಗಾವಿ ಕೆಳಗೆ, ವಿಜಯನಗರ ಕಲಬುರಗಿ ಕೆಳಗೆ, ಎರಡೂ ದೂರ ದೂರ.

ಇದಕ್ಕೆ ಎಚ್‌ಟಿಎಂಎಲ್‌ನಲ್ಲಿ ಆಪ್ಟ್‌ಗ್ರೂಪ್ ಅನ್ನೋ ಟ್ಯಾಗ್ ಇದೆ, ಹೊಸದೇನಲ್ಲ, 1997ರ ಎಚ್‌ಟಿಎಂಎಲ್ 4ರಿಂದಲೇ ಇದೆ. ಸೆಲೆಕ್ಟ್ ಒಳಗೆ ಆಪ್ಟ್‌ಗ್ರೂಪ್, ಅದಕ್ಕೊಂದು ಲೇಬಲ್, ಅದರೊಳಗೆ ಆಪ್ಶನ್‌ಗಳು. ಆದ್ರೂ ನಾವೇನ್ಮಾಡ್ತೀವಿ, ಒಂದು ಮಾಮೂಲಿ ಆಪ್ಶನ್ ಹಾಕಿ ಅದರಲ್ಲಿ ಅಡ್ಡಗೆರೆ ಅಡ್ಡಗೆರೆ ಬೆಳಗಾವಿ ವಿಭಾಗ ಅಡ್ಡಗೆರೆ ಅಡ್ಡಗೆರೆ ಅಂತ ಟೈಪ್ ಮಾಡಿ ಕೈ ತೊಳ್ಕೊಳ್ತೀವಿ. ನಾನೂ ಮಾಡಿದೀನಿ, ಅದನ್ನ ಯಾರೂ ಆರಿಸೋಕಾಗದ ಹಾಗೆ ಮಾಡೋ ಡಿಸೇಬಲ್ಡ್ ಹಾಕೋದು ಮರೆತಿದ್ದೆ, ಆಮೇಲೆ ಡೇಟಾಬೇಸ್ ತೆಗೆದು ನೋಡಿದ್ರೆ ಜಿಲ್ಲೆ ಕಾಲಮ್ಮಲ್ಲಿ ಅಡ್ಡಗೆರೆ ಸಮೇತ ಬೆಳಗಾವಿ ವಿಭಾಗ ಕೂತಿದೆ!

[ಸ್ಕ್ರೀನ್: ಪಿಎಚ್‌ಪಿ ಕೋಡ್, ಫೋರೀಚ್ ಒಳಗೆ ಫೋರೀಚ್, ಮಧ್ಯೆ ನಾಲ್ಕು ಇಫ್]

ಸರಿ, ಟ್ಯಾಗ್ ಗೊತ್ತಾಯ್ತು, ಈಗ ಸರ್ವರ್‌ನಲ್ಲಿ ಕೂತು ಆ ಟ್ಯಾಗ್ ಬರೆದುಕೊಡೋ ಪಿಎಚ್‌ಪಿ ಕೋಡ್. ಮೊದಲು ಎಲ್ರೂ ಬರೆಯೋದು ಇದು: ಅರೇ ಒಳಗೆ ಅರೇ, ಅಂದ್ರೆ ಪಟ್ಟಿ ಒಳಗೆ ಪಟ್ಟಿ, ಲೂಪ್ ತಿರುಗಿಸೋದು, ಒಳಗಡೆ ಸಿಕ್ಕಿದ್ದು ಅರೇನಾ, ಹಾಗಿದ್ರೆ ಗ್ರೂಪ್, ಅಲ್ವಾ, ಹಾಗಿದ್ರೆ ಆಪ್ಶನ್. ಕೆಲಸ ನಡೆಯುತ್ತೆ, ಸುಳ್ಳು ಹೇಳಲ್ಲ. ಆದ್ರೆ ಇದೇ ‘ಅರೇನಾ ಅಲ್ವಾ’ ಪ್ರಶ್ನೆ ಫಾರ್ಮ್ ಬರೆಯೋವಾಗ ಒಂದ್ಸಲ, ಬಂದ ಉತ್ತರ ಚೆಕ್ ಮಾಡೋವಾಗ ಒಂದ್ಸಲ, ಎಡಿಟ್ ಪೇಜಲ್ಲಿ ಹಳೇ ಆಯ್ಕೆ ತೋರಿಸೋವಾಗ ಇನ್ನೊಂದ್ಸಲ ಕೇಳ್ತಾನೇ ಇರ್ಬೇಕು, ಮೂರು ಜಾಗದಲ್ಲಿ ಒಂದು ಕಡೆ ಮರೆತ್ರೂ ಮುಗೀತು.

ಅದಕ್ಕೇ ಮೂರು ಕ್ಲಾಸ್, ಕ್ಲಾಸ್ ಅಂದ್ರೆ ಡೇಟಾನೂ ಅದರ ಕೆಲಸಾನೂ ಒಟ್ಟಿಗೆ ಇಡೋ ಅಚ್ಚು. ಆಪ್ಶನ್, ಗ್ರೂಪ್, ಸೆಲೆಕ್ಟ್. ಆಪ್ಶನ್ ಹತ್ರ ಸರ್ವರ್‌ಗೆ ಹೋಗೋ ಒಂದು ವ್ಯಾಲ್ಯೂ, ಕಣ್ಣಿಗೆ ಕಾಣೋ ಒಂದು ಹೆಸರು. ಗ್ರೂಪ್ ಹತ್ರ ಒಂದು ಲೇಬಲ್ಲು, ಒಂದಿಷ್ಟು ಆಪ್ಶನ್ನು. ಸೆಲೆಕ್ಟ್ ಹತ್ರ ಆಪ್ಶನ್ನೂ ಇರ್ಬಹುದು ಗ್ರೂಪೂ ಇರ್ಬಹುದು, ಅದಕ್ಕೆ ಯಾವುದು ಯಾವುದು ಅಂತ ಗೊತ್ತಿರೋ ಅವಶ್ಯಕತೆನೇ ಇಲ್ಲ, ಯಾಕಂದ್ರೆ ಎರಡಕ್ಕೂ ಒಂದೇ ಇಂಟರ್‌ಫೇಸ್, ಅಂದ್ರೆ ಯಾವ್ಯಾವ ಕೆಲಸ ಬರ್ಲೇಬೇಕು ಅನ್ನೋ ಒಪ್ಪಂದ. ಅದ್ರಲ್ಲಿ ಎರಡೇ ಮೆಥಡ್: ‘ಈಗ ಆಯ್ಕೆ ಆಗಿರೋದು ಇದು, ನಿನ್ನ ಎಚ್‌ಟಿಎಂಎಲ್ ಕೊಡು’ ಅನ್ನೋ ರೆಂಡರ್ ಒಂದು, ‘ಈ ವ್ಯಾಲ್ಯೂ ನಿನ್ನ ಹತ್ರ ಇದೆಯಾ’ ಅನ್ನೋದೊಂದು. ಆಪ್ಶನ್ ತನ್ನನ್ನ ನೋಡ್ಕೊಂಡು ಉತ್ತರ ಕೊಡುತ್ತೆ, ಗ್ರೂಪ್ ತನ್ನ ಮಕ್ಕಳನ್ನ ಕೇಳಿ ಕೊಡುತ್ತೆ. ಎರಡನೇ ಮೆಥಡ್ ತುಂಬಾ ಜನ ಬರೆಯಲ್ಲ, ಬರೀಲೇಬೇಕು, ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆಗೆದು ವ್ಯಾಲ್ಯೂ ಬದಲಾಯಿಸಿ ಕಳ್ಸೋದು ಯಾರಿಗೂ ಕಷ್ಟ ಅಲ್ಲ.

ಇದನ್ನ ನೋಡಿ ಕೆಲವ್ರು ಓ ಇದು ಕಾಂಪೋಸಿಟ್ ಪ್ಯಾಟರ್ನ್ ಅಂತೀರಾ. ಹೌದು, ಅರ್ಧ ಮಾತ್ರ. ಪೂರ್ತಿ ಕಾಂಪೋಸಿಟ್ ಅಂದ್ರೆ ಗ್ರೂಪ್ ಒಳಗೆ ಗ್ರೂಪ್, ಅದರೊಳಗೆ ಇನ್ನೊಂದು, ವಿಭಾಗ ಜಿಲ್ಲೆ ತಾಲ್ಲೂಕು ಹೋಬಳಿ ಅಂತ ಎಷ್ಟು ಬೇಕಾದ್ರೂ ಇಳೀಬಹುದು. ಆದ್ರೆ ಆಪ್ಟ್‌ಗ್ರೂಪ್ ಒಳಗೆ ಆಪ್ಟ್‌ಗ್ರೂಪ್ ಹಾಕೋ ಹಾಗಿಲ್ಲ, ಒಂದೇ ಮಟ್ಟ. ಹಾಗಾಗಿ ನನ್ನ ಗ್ರೂಪ್ ಕ್ಲಾಸ್‌ನ ಕನ್‌ಸ್ಟ್ರಕ್ಟರ್, ಅಂದ್ರೆ ಹೊಸ ಗ್ರೂಪ್ ಹುಟ್ಟೋವಾಗ ಓಡೋ ಮೆಥಡ್, ಆಪ್ಶನ್ ಬಿಟ್ಟು ಬೇರೆ ಏನನ್ನೂ ಒಳಗೆ ಬಿಟ್ಕೊಳ್ಳಲ್ಲ. ಎಚ್‌ಟಿಎಂಎಲ್‌ಗೆ ಆಗದ್ದನ್ನ ನಮ್ಮ ಕ್ಲಾಸ್ ಆಗುತ್ತೆ ಅಂತ ಯಾಕೆ ಹೇಳ್ಬೇಕು? ತಾಲ್ಲೂಕು ಬೇಕಾ, ಎರಡನೇ ಡ್ರಾಪ್‌ಡೌನ್ ಹಾಕಿ.

[ಸ್ಕ್ರೀನ್: ಎಡಿಟ್ ಪೇಜ್, ಜಿಲ್ಲೆ ಜಾಗದಲ್ಲಿ ಬೆಂಗಳೂರು ನಗರ]

ಈಗ ಬನ್ನಿ, ಈ ವಿಡಿಯೋ ಮಾಡೋಕೆ ಕಾರಣ ಆಗಿದ್ದ ಬಗ್. ವ್ಯಾಲ್ಯೂಗೆ ಊರಿನ ಹೆಸರು ಇಡ್ಬಾರ್ದು ಅಂತ ಗೊತ್ತಿತ್ತು, 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯ್ತು, ಗುಲ್ಬರ್ಗ ಕಲಬುರಗಿ ಆಯ್ತು, ಹೆಸರನ್ನೇ ವ್ಯಾಲ್ಯೂ ಮಾಡಿದ್ದೋರು ಅವತ್ತು ಎಷ್ಟು ಬೈಕೊಂಡಿರ್ತಾರೋ. ಅದಕ್ಕೆ ನಾನು ಗಾಡಿ ನಂಬರ್ ಪ್ಲೇಟಿನ ಕೋಡೇ ಇಟ್ಕೊಂಡೆ, ಮೈಸೂರಿಗೆ 09, ವಿಜಯಪುರಕ್ಕೆ 28. ಆಗಿನ್ನೂ ಕ್ಲಾಸ್ ಇರ್ಲಿಲ್ಲ, ಈ ನಂಬರೇ ಅರೇಯ ಕೀ, ಅಂದ್ರೆ ಹುಡುಕೋ ಗುರುತು, ಅದರೆದುರಿಗೆ ಜಿಲ್ಲೆ ಹೆಸರು. ಟೆಸ್ಟ್ ಮಾಡ್ದೋನು ಮೈಸೂರಿನೋನು, ಅವನದೇ ಜಿಲ್ಲೆ ಹಾಕಿ ಸೇವ್ ಮಾಡಿ ಎಡಿಟ್ ತೆಗೆದ, ಮೈಸೂರು ಅಂತ ಬಂತು, ಸೂಪರ್ ಗುರು ಅಂದ, ಲೈವ್ ಹೋಯ್ತು.

ಆಮೇಲೆ ವಿಜಯಪುರದೋರು ಪ್ರೊಫೈಲ್ ತೆಗೆದು, ಫೋನ್ ನಂಬರ್ ಮಾತ್ರ ಬದಲಾಯಿಸಿ ಸೇವ್ ಕೊಟ್ರೆ ಜಿಲ್ಲೆ ಬೆಂಗಳೂರು ನಗರ ಆಗ್ತಾ ಇತ್ತು. ಒಬ್ಬೊಬ್ರಾಗಿ ಎಲ್ಲಾ ಬೆಂಗಳೂರಿಗೆ ಗುಳೆ ಹೊರಟಿದ್ರು.

ಆಗಿದ್ದೇನಂದ್ರೆ, ಪಿಎಚ್‌ಪಿ ಅರೇ ಕೀ ಆಗಿ ನೀವು ‘28’ ಅಂತ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರವಾಗಿ, ಕೊಟ್ರೂ ಅದು ಸುಮ್ನೆ ನಂಬರ್ ಮಾಡ್ಕೊಂಡ್ಬಿಡುತ್ತೆ. ‘09’ನ ಮುಟ್ಟಲ್ಲ, ಮುಂದೆ ಸೊನ್ನೆ ಇದೆಯಲ್ಲ, ಅದು ಸ್ಟ್ರಿಂಗಾಗೇ ಉಳಿಯುತ್ತೆ. ಫಾರ್ಮಿಂದ ಬರೋದು ಯಾವಾಗ್ಲೂ ಸ್ಟ್ರಿಂಗ್. ನಾನು ಮೂರು ಈಕ್ವಲ್ ಹಾಕಿ ಹೋಲಿಸಿದ್ದೆ, ಅದು ಟೈಪೂ ಒಂದೇನಾ ಅಂತ ನೋಡುತ್ತೆ, ಸ್ಟ್ರಿಂಗ್ 28ಕ್ಕೂ ನಂಬರ್ 28ಕ್ಕೂ ತಾಳೆ ಆಗ್ಲಿಲ್ಲ, ಯಾವ ಆಪ್ಶನ್ನಿಗೂ ಸೆಲೆಕ್ಟೆಡ್ ಬೀಳ್ಲಿಲ್ಲ, ಯಾವುದಕ್ಕೂ ಬೀಳ್ದೇ ಇದ್ರೆ ಬ್ರೌಸರ್ ಪಟ್ಟಿಯ ಮೊದಲನೇದನ್ನ ತೋರಿಸುತ್ತೆ. ನನ್ನ ಪಟ್ಟಿಲಿ ಮೊದಲು ಇದ್ದಿದ್ದು ಬೆಂಗಳೂರು ನಗರ.

ಕ್ಲಾಸ್ ಬಂದ್ಮೇಲೆ ಇದು ಒಂದೇ ಜಾಗದಲ್ಲಿ ಸರಿಯಾಯ್ತು. ಆಪ್ಶನ್ ಕನ್‌ಸ್ಟ್ರಕ್ಟರ್‌ನಲ್ಲಿ ವ್ಯಾಲ್ಯೂ ಸ್ಟ್ರಿಂಗ್ ಅಂತ ಟೈಪ್ ಬರೆದ್ರೆ, 28 ನಂಬರಾಗಿ ಬಂದ್ರೂ ಬಾಗಿಲಲ್ಲೇ ಸ್ಟ್ರಿಂಗ್ ಆಗುತ್ತೆ, ಹಾಗೆ ಟೈಪ್ ಬದಲಾಯಿಸೋಕೆ ಬಿಡದ ಸ್ಟ್ರಿಕ್ಟ್ ಟೈಪ್ಸ್ ಆನ್ ಇದ್ರೆ ಎರರ್ ಕೊಡುತ್ತೆ, ಎರಡೂ ಒಳ್ಳೇದೇ. ಹೆಸರು, ಲೇಬಲ್, ವ್ಯಾಲ್ಯೂ ಎಲ್ಲಾ ಎಸ್ಕೇಪ್ ಮಾಡೋದೂ, ಅಂದ್ರೆ ಅದರಲ್ಲಿರೋ ಚಿಹ್ನೆನ ಬ್ರೌಸರ್ ಟ್ಯಾಗ್ ಅಂದ್ಕೊಳ್ಳದ ಹಾಗೆ ಮಾಡೋದೂ, ಒಂದೇ ಜಾಗ, ರೆಂಡರ್ ಒಳಗೆ. ಮತ್ತೆ ಮೇಲ್ಗಡೆ ವ್ಯಾಲ್ಯೂ ಖಾಲಿ ಇರೋ ‘ಜಿಲ್ಲೆ ಆರಿಸಿ’ ಅನ್ನೋ ಆಪ್ಶನ್ ಒಂದು ಹಾಕಿ ಸ್ವಾಮಿ, ಅದೊಂದಿದ್ದಿದ್ರೆ ಗುಳೆನೇ ಆಗ್ತಿರ್ಲಿಲ್ಲ.

ಇನ್ನೊಂದು ಮಾತು, ಗ್ರೂಪಿನ ಹೆಸರು ಸರ್ವರ್‌ಗೆ ಬರೋದೇ ಇಲ್ಲ, ಅದು ನೋಡೋರ ಕಣ್ಣಿಗೆ ಮಾತ್ರ. ಎರಡು ಗ್ರೂಪಲ್ಲಿ ಒಂದೇ ವ್ಯಾಲ್ಯೂ ಇಟ್ರೆ ಯಾವ ಗ್ರೂಪಿಂದ ಆರಿಸಿದ್ರು ಅಂತ ಕಂಡುಹಿಡಿಯೋಕೆ ದೇವರೇ ಬರ್ಬೇಕು, ಅದಕ್ಕೆ ಸೆಲೆಕ್ಟ್‌ಗೆ ಸೇರಿಸೋವಾಗ್ಲೇ ‘ಇದೆಯಾ’ ಮೆಥಡ್‌ನ ಕೇಳಿ, ಇದ್ರೆ ಎರರ್ ಎಸೀರಿ. ಇಡೀ ಕಲಬುರಗಿ ವಿಭಾಗ ಸದ್ಯಕ್ಕೆ ಬೇಡ ಅಂದ್ರೆ ಆಪ್ಟ್‌ಗ್ರೂಪ್‌ಗೆ ಒಂದು ಡಿಸೇಬಲ್ಡ್ ಹಾಕಿದ್ರೆ ಒಳಗಿನ ಏಳೂ ಜಿಲ್ಲೆ ಮಂಕಾಗ್ತವೆ, ಆದ್ರೆ ಅದು ಬ್ರೌಸರ್‌ನಲ್ಲಿ ಮಾತ್ರ, ಸರ್ವರ್ ಕಡೆ ಉತ್ತರ ಚೆಕ್ ಮಾಡೋವಾಗ ಗ್ರೂಪ್ ಕ್ಲಾಸೂ ‘ಇಲ್ಲ’ ಅನ್ಬೇಕು. ನಾನು ಇದನ್ನೂ ಒಂದ್ಸಲ ಮರೆತಿದ್ದೆ, ಆ ಕಥೆ ಬೇಡ ಬಿಡಿ.

[ಸ್ಕ್ರೀನ್: ಪೂರ್ತಿ ಕೋಡ್, ನಿಧಾನಕ್ಕೆ ಸ್ಕ್ರೋಲ್]

ಕೋಡ್ ಡಿಸ್ಕ್ರಿಪ್ಶನ್‌ನಲ್ಲಿ ಹಾಕಿದೀನಿ. ಓಡಿಸಿ ನೋಡೋವಾಗ ಮೈಸೂರು ಒಂದೇ ಹಾಕಿ ಸೂಪರ್ ಅನ್ಬೇಡಿ, 28ನೂ ಹಾಕಿ ನೋಡಿ.