ಅಡುಗೆಮನೆ ಪ್ರಯೋಗ: ಸಿಂಕ್ ಕಟ್ಟಿಕೊಂಡ ಕಥೆ

ನಮಸ್ಕಾರ ಎಲ್ಲರಿಗೂ. ಈ ವಿಡಿಯೋ ಫ್ರೇಮ್ ಓರೆಯಾಗಿದೆ, ಗೊತ್ತು. ಕ್ಯಾಮೆರಾನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟಿದ್ದೆ. ಮಗಳಿಗೆ ಐದು, ಮಗನಿಗೆ ಮೂರು. ಹೊರಗೆ ಮಳೆ, ಒಳಗೆ ಇವರಿಬ್ಬರ ಗಲಾಟೆ. ಹೊಸದಾಗಿ ಏನೂ ಕೊಂಡು ತರಬಾರದು, ಅಡುಗೆಮನೇಲಿ ಇರೋದರಲ್ಲೇ ಆಟ ಅಂತ ತೀರ್ಮಾನ ಮಾಡಿದ್ವಿ. ಜ್ವಾಲಾಮುಖಿ ಪ್ರಯೋಗ ಮಾತ್ರ ಇಲ್ಲ. ಅಡುಗೆ ಸೋಡಾ, ವಿನೆಗರ್, ಒಂದು ಸಲ ಬುಸ್ ಅನ್ನುತ್ತೆ, ಮುಗೀತು. ಆಮೇಲೆ ಒರೆಸೋದು ನಾನು.

ಇದು ಹಾಲಿನ ತಟ್ಟೆ. ಬಣ್ಣದ ಹನಿಗಳು ಕಾಣ್ತಿವೆ ಅಲ್ವಾ? ಪಾತ್ರೆ ತೊಳೆಯೋ ಲಿಕ್ವಿಡ್‌ನಲ್ಲಿ ಅದ್ದಿದ ಬಡ್ಸ್ ಈಗ ಮಧ್ಯಕ್ಕೆ ಮುಟ್ಟುತ್ತೆ... ಓಡಿತು ನೋಡಿ! ಹಾಲಿನ ಮೇಲ್ಮೈ ಎಲ್ಲ ಕಡೆಯಿಂದ ಬಿಗಿಯಾಗಿ ಎಳ್ಕೊಂಡಿರುತ್ತೆ. ಸೋಪು ತಾಗಿದ ಜಾಗದಲ್ಲಿ ಆ ಬಿಗಿ ಸಡಿಲ, ಸುತ್ತಲಿನ ಹಾಲು ಬಣ್ಣಾನೂ ಎಳ್ಕೊಂಡು ಅಂಚಿಗೆ ಓಡುತ್ತೆ. ಕೆನೆ ಇರೋ ಗಟ್ಟಿ ಹಾಲೇ ತಗೊಳ್ಳಿ. ಸೋಪು ಕೊಬ್ಬಿನ ಬೆನ್ನು ಹತ್ತಿ ಹೋಗೋದರಿಂದ ಬಣ್ಣ ಇನ್ನಷ್ಟು ಹೊತ್ತು ಸುಳಿಯುತ್ತೆ. ಮಗ ನೆಕ್ಕೋಕೆ ಹೊರಟಿದ್ದ, ಅದಕ್ಕೇ ನನ್ನ ಕೈ ಅಡ್ಡ ಬಂದಿದೆ.

ಇದು ಕಾರ್ನ್‌ಫ್ಲೋರ್. ಮೆಕ್ಕೆಜೋಳದ ಹಳದಿ ಹಿಟ್ಟಲ್ಲ, ಮುಟ್ಟಿದರೆ ಕಿರ್‌ಕಿರ್ ಅನ್ನೋ ಬಿಳಿ ಪುಡಿ. ಎರಡು ಲೋಟಕ್ಕೆ ಹೆಚ್ಚುಕಮ್ಮಿ ಒಂದು ಲೋಟ ತಣ್ಣೀರು. ಊಬ್ಲೆಕ್ ಅಂತಾರೆ, ಮಗಳು ಇಟ್ಟ ಹೆಸರು ಕಳ್ಳಹಿಟ್ಟು. ಗುದ್ದಿದರೆ ಕಲ್ಲು, ಸುಮ್ಮನೆ ಬೆರಳಿಟ್ಟರೆ ಒಳಗೆ ಇಳಿಯುತ್ತೆ. ಪಿಷ್ಟದ ಕಣ ತಣ್ಣೀರಲ್ಲಿ ಕರಗಲ್ಲ, ಹರಡ್ಕೊಂಡು ನಿಂತಿರುತ್ತೆ. ಮೆಲ್ಲಗೆ ತಳ್ಳಿದರೆ ದಾರಿ ಬಿಡುತ್ತೆ, ಜೋರಾಗಿ ಗುದ್ದಿದರೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತೆ.

ಇವರು ಆಡ್ತಿರಲಿ, ನಾನು ಹೋದ ವಾರದ ಕಥೆ ಹೇಳ್ತೀನಿ. ಆಟ ಮುಗೀತು, ಬಟ್ಟಲು ಪೂರ್ತಿ ಸಿಂಕಿಗೆ ಸುರಿದೆ. ಹಿಟ್ಟು ತಾನೇ, ಹೋಗುತ್ತೆ ಬಿಡು ಅಂತ. ನೀರು ನಿಂತಿತು. ನಾನು ಬಹಳ ಬುದ್ಧಿವಂತ ನೋಡಿ, ಒಂದು ಪಾತ್ರೆ ಕುದಿಯೋ ನೀರು ತಂದು ಹುಯ್ದೆ! ಈ ಪುಡಿ ಸುಮಾರು 70 ಡಿಗ್ರಿ ಬಿಸಿ ತಾಗಿದರೆ ನೀರು ಕುಡಿದು ಉಬ್ಬಿ ಗಂಜಿ ಆಗುತ್ತೆ. ಸೂಪ್ ಗಟ್ಟಿ ಆಗಲಿ ಅಂತ ನಾನೇ ಹಾಕ್ತೀನಿ, ಆದರೂ ಆಗ ತಲೆಗೆ ಹೊಳೀಲಿಲ್ಲ. ಪೈಪಿನೊಳಗೆ ಅಚ್ಚುಕಟ್ಟಾಗಿ ಅಂಟು ಬೇಯಿಸಿಟ್ಟೆ. ಆಮೇಲೆ ಸೋಡಾ ಸುರಿದೆ, ವಿನೆಗರ್ ಸುರಿದೆ. ನೊರೆ ಸಿಂಕ್ ತುಂಬ ಉಕ್ಕಿತು, ಅಂಟು ಕದಲಲಿಲ್ಲ. ಅದು ಬರೀ ಗಾಳಿ, ಕಾರ್ಬನ್ ಡೈಆಕ್ಸೈಡ್, ಅಂಟನ್ನ ಕರಗಿಸಲ್ಲ. ಹಿಂದೆ ಇವರಿಬ್ಬರೂ "ಅಪ್ಪಾ, ಜ್ವಾಲಾಮುಖಿ!" ಅಂತ ಚಪ್ಪಾಳೆ. ಕೊನೆಗೆ ಕೆಳಗೆ ಬಕೆಟ್ ಇಟ್ಟು, ಆ ಬಾಗಿದ ಪೈಪ್ ತಿರುಗಿಸಿ ಬಿಚ್ಚಿದೆ. ಪೈಪಿನ ಆಕಾರದಲ್ಲೇ ಒಂದು ಬಿಳಿ ಮುದ್ದೆ ಲೊಳಕ್ ಅಂತ ಬಿತ್ತು, ಅರ್ಧ ಬಕೆಟಿಗೆ, ಅರ್ಧ ನನ್ನ ತೋಳಿಗೆ. ಆ ವಾಸನೆ... ಬೇಡ ಬಿಡಿ, ಊಟದ ಹೊತ್ತಲ್ಲಿ ನೋಡ್ತಿರಬಹುದು ನೀವು.

ಅಯ್ಯೋ, ಶಾಟ್ ಮುಗೀತಾ ಬಂತು. ಬೇಗ ಹೇಳ್ತೀನಿ: ಮಿಕ್ಕಿದ್ದನ್ನ ಕವರಿಗೆ ಹಾಕಿ ಕಸದ ಬುಟ್ಟಿಗೆ. ನೆಲಕ್ಕೆ ಬಿದ್ದಿದ್ದು ಒಣಗೋವರೆಗೂ ಮುಟ್ಟಬೇಡಿ, ಆಮೇಲೆ ಪುಡಿಯಾಗಿ ಗುಡಿಸಿದರೆ ಬರುತ್ತೆ.

ಇದು ಸೋಡಾ ತಟ್ಟೆ, ಇದು ನಿಂಬೆರಸ, ಇದು ಡ್ರಾಪರ್. ಹೌದು, ಜ್ವಾಲಾಮುಖಿ ಇಲ್ಲ ಅಂದಿದ್ದೆ. ಮಗಳು ಹನಿಹನಿಯಾಗಿ ಬಿಟ್ಟು ಅರ್ಧ ಗಂಟೆ ತುಟಿಪಿಟಕ್ ಅನ್ನದೆ ಕೂತಿದ್ದಳು ಕಣ್ರೀ, ನಾನು ಬಿಸಿಬಿಸಿ ಟೀ ಕುಡಿದೆ. ಜ್ವಾಲಾಮುಖಿ ಒಳ್ಳೇದೇ.

ಇಲ್ಲಿ ಫ್ರೇಮ್ ಅಲುಗಾಡ್ತಿದೆ ನೋಡಿ. ಮಗ ಕಳ್ಳಹಿಟ್ಟಿನ ಬಟ್ಟಲು ಎತ್ಕೊಂಡು ಸಿಂಕಿನ ಕಡೆ ಹೊರಟಿದ್ದ. ಸಕ್ಕರೆ ಡಬ್ಬ ಬಿದ್ದಿದ್ದು ನಾನು ಓಡಿದಾಗ.