ಬಾಲ ಕತ್ತರಿಸಿದ ಸೈಕಲ್

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಗೆಳೆಯನೊಬ್ಬ ಹೊಸ ಟೈಮ್ ಟ್ರಯಲ್ ಸೈಕಲ್ ಕೊಂಡ. ಟೈಮ್ ಟ್ರಯಲ್ ಅಂದ್ರೆ ಗಡಿಯಾರದ ಜೊತೆ ರೇಸು. ಒಬ್ಬೊಬ್ಬರೇ ಹೊರಡಬೇಕು. ಇನ್ನೊಬ್ಬರ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಹ್ಯಾಂಡಲ್ ಬುಡದಿಂದ ಪೆಡಲ್ ತನಕ ಇಳಿಯುತ್ತದಲ್ಲ, ಆ ಬಾರಿನ ಮೇಲೆ ಸುಮ್ನೆ ಕೈಯಾಡಿಸಿದೆ. ಮುಂದೆ ನುಣ್ಣಗೆ, ಮೊಂಡು ಮೂಗಿನ ಹಾಗೆ. ಪಕ್ಕದಲ್ಲಿ ಅಗಲ, ಚಪ್ಪಟೆ. ಹಿಂದಕ್ಕೆ ಬಂದರೆ ಬೆರಳು ಗಕ್ಕನೆ ಅಂಚಿಗೆ ತಾಗಿತು. ಚೂಪಾಗಿ ಮುಗಿಯಬೇಕಾದ ಜಾಗವನ್ನು ಚಾಕುವಿನಿಂದ ಕತ್ತರಿಸಿದ ಹಾಗಿತ್ತು. "ಲಕ್ಷಗಟ್ಟಲೆ ಕೊಟ್ಟು ಅರ್ಧ ಮಾಡಿಬಿಟ್ಟ ಸೈಕಲ್ ತಂದಿದ್ದೀಯಲ್ಲೋ" ಅಂದೆ. ಅವನು ನಕ್ಕ. ಆ ನಗುವಿನ ಅರ್ಥ ತಿಳಿಯಲು ನನಗೆ ಒಂದೆರಡು ವಾರ ಓದಬೇಕಾಯಿತು.

ಗಾಳಿಯನ್ನು ಸೀಳಬೇಕಾದರೆ ಮುಂದೆ ಚೂಪಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ತಾಪತ್ರಯ ಇರುವುದು ಹಿಂದೆ. ಮಳೆಗಾಲದಲ್ಲಿ ಸೇತುವೆ ಮೇಲೆ ನಿಂತು ಕಂಬದ ಬುಡ ನೋಡಿದ್ದೀರಾ? ನೀರು ಮುಂದೆ ಸಲೀಸಾಗಿ ಎರಡು ಕವಲಾಗುತ್ತದೆ. ಕಂಬ ದಾಟಿದ ಮೇಲೆ ಮಾತ್ರ ಸುಳಿ. ಎಲೆ, ನೊರೆ ಎಲ್ಲ ಅಲ್ಲೇ ಗಿರಗಿರ ತಿರುಗುತ್ತಿರುತ್ತವೆ. ನಮ್ಮ ಹಳೇ ಸೈಕಲ್ಲಿನ ದುಂಡು ಪೈಪಿನ ಹಿಂದೆಯೂ ಗಾಳಿ ಹೀಗೇ ಸುಳಿಯಾಗುತ್ತದೆ. ಆ ಸುಳಿಯಲ್ಲಿ ಒತ್ತಡ ಕಡಿಮೆ. ಹಾಗಾಗಿ ಅದು ಪೈಪನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಮೀನಿನ ಮೈಯಂತೆ ಹಿಂದೆ ಮೆಲ್ಲಗೆ ಸಣ್ಣಗಾದರೆ ಗಾಳಿ ಮತ್ತೆ ತಣ್ಣಗೆ ಕೂಡಿಕೊಳ್ಳುತ್ತದೆ. ಎಷ್ಟು ವ್ಯತ್ಯಾಸ ಗೊತ್ತಾ? ಒಂದು ದುಂಡು ತಂತಿ, ಮತ್ತು ಅದಕ್ಕಿಂತ ಹತ್ತು ಪಟ್ಟು ದಪ್ಪ ಇರುವ ರೆಕ್ಕೆ ಆಕಾರದ ಪಟ್ಟಿ. ಎರಡಕ್ಕೂ ಗಾಳಿಯ ತಡೆ ಹೆಚ್ಚುಕಡಿಮೆ ಒಂದೇ!

ಹಾಗಾದರೆ ಉದ್ದ ಬಾಲ ಬಿಡಬಹುದಿತ್ತಲ್ಲ? ಬಿಟ್ಟರೆ ತೂಕ ಜಾಸ್ತಿ. ಅಡ್ಡಗಾಳಿ ಬೀಸಿದರೆ ಸೈಕಲ್ಲೇ ವಾಲುತ್ತದೆ. ಸಾಲದ್ದಕ್ಕೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಕಟ್ಟಳೆ ಬೇರೆ. ಪೈಪಿನ ಮುಂದಿನಿಂದ ಹಿಂದಿನವರೆಗಿನ ಅಗಲ ಅದರ ದಪ್ಪದ ಮೂರು ಪಟ್ಟು ಮೀರಬಾರದು ಅಂತ ಬಹುಕಾಲ ನಿಯಮವಿತ್ತು. ಆಮೇಲೆ ಅದನ್ನು ಸಡಿಲಿಸಿದರು. ಇಲ್ಲಿ ನೆರವಿಗೆ ಬಂದವನು ಕಾರಿನವನು. ಜರ್ಮನಿಯ ಎಂಜಿನಿಯರ್ ವೂನಿಬಾಲ್ಡ್ ಕಾಮ್, 1930ರ ದಶಕದಲ್ಲಿ ಕಾರುಗಳ ಮೇಲೆ ಕೆಲಸ ಮಾಡುತ್ತಿದ್ದ. ಬಾಲವನ್ನು ಶುರುಮಾಡಿ ನಡುವೆ ಕತ್ತರಿಸಿದರೂ ಗಾಳಿ ಬಾಲ ಇನ್ನೂ ಇದೆಯೇನೋ ಎಂಬಂತೆ ಹರಿಯುತ್ತದೆ. ಪೂರ್ತಿ ಅಲ್ಲ, ಆದರೆ ಸಾಕಷ್ಟು. ನನ್ನ ಬೆರಳಿಗೆ ತಾಗಿದ ಅಂಚು ಅದೇ.

ಇಷ್ಟೆಲ್ಲ ಒದ್ದಾಟ ಯಾಕೆ? ಗಂಟೆಗೆ 40 ಕಿಲೋಮೀಟರಿನಿಂದ 50ಕ್ಕೆ ಏರಬೇಕಾದರೆ ಗಾಳಿಯ ವಿರುದ್ಧ ಕಾಲು ಹಾಕಬೇಕಾದ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆ ವೇಗದಲ್ಲಿ ಸವಾರನ ದುಡಿಮೆಯಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಗಾಳಿಗೇ ಹೋಗುತ್ತದೆ.

ಇನ್ನೊಂದು ಗುಟ್ಟಿದೆ. ಒಟ್ಟು ತಡೆಯಲ್ಲಿ ಸುಮಾರು ಮುಕ್ಕಾಲು ಪಾಲು ಸೈಕಲ್ಲಿನದಲ್ಲ, ಅದರ ಮೇಲೆ ಕೂತವನದು. 1989ರ ಟೂರ್ ಡಿ ಫ್ರಾನ್ಸ್ ಕೊನೆಯ ದಿನ ಇದು ಜಗತ್ತಿಗೇ ಕಂಡಿತು. ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ ಒಟ್ಟು ಸಮಯದಲ್ಲಿ ಮೊದಲಿಗನಿಗಿಂತ 50 ಸೆಕೆಂಡ್ ಹಿಂದಿದ್ದ. ಮೊಣಕೈ ಊರಿ ಮುಂದೆ ಚಾಚಿಕೊಳ್ಳುವ ಹ್ಯಾಂಡಲ್, ಉದ್ದ ಬಾಲದ ಹೆಲ್ಮೆಟ್. ಮೊದಲಿದ್ದ ಫ್ರಾನ್ಸಿನ ಲೋರಾನ್ ಫಿನ್ಯೋನ್ ಬರಿದಲೆ, ಹಿಂದೆ ಕೂದಲ ಜುಟ್ಟು ಹಾರಾಡುತ್ತಿತ್ತು. ಮೂರು ವಾರದ ಸ್ಪರ್ಧೆಯನ್ನು ಲೆಮಾಂಡ್ ಗೆದ್ದದ್ದು ಬರೀ 8 ಸೆಕೆಂಡಿನಲ್ಲಿ. ಜುಟ್ಟು ಕತ್ತರಿಸಿದ್ದರೆ ಅಂತ ಇವತ್ತಿಗೂ ಜನ ಲೆಕ್ಕ ಹಾಕುತ್ತಾರೆ.

ಆಮೇಲೆ ಸೈಕಲ್ ಕಟ್ಟುವವರಿಗೆ ಹುಚ್ಚು ಹಿಡಿಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕ್ರಿಸ್ ಬೋರ್ಡ್‌ಮನ್ ಚಿನ್ನ ಗೆದ್ದ ಲೋಟಸ್ ಸೈಕಲ್ಲಿಗೆ ಪೈಪುಗಳೇ ಇರಲಿಲ್ಲ. ಇಡೀ ಫ್ರೇಮು ಕಾರ್ಬನ್ನಿನ ಒಂದೇ ಅಚ್ಚು, ಮುಂದಿನ ಗಾಲಿಗೆ ಒಂದೇ ಕಾಲು. ಮರುವರ್ಷ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾನೇ ಮಾಡಿಕೊಂಡ ಸೈಕಲ್ಲಿನಲ್ಲಿ ಕೈ ಮಡಚಿ ಎದೆಯಡಿ ಇಟ್ಟುಕೊಂಡು ಒಂದು ಗಂಟೆಯಲ್ಲಿ ಅತಿ ದೂರ ತುಳಿಯುವ ವಿಶ್ವದಾಖಲೆ ಮುರಿದ. ಅದಕ್ಕೆ ಹಾಕಿದ್ದ ಬೇರಿಂಗು ಬಟ್ಟೆ ಒಗೆಯುವ ಮೆಷಿನ್ನಿನದು! ನನಗಂತೂ ಇವರಿಬ್ಬರಲ್ಲಿ ಓಬ್ರಿನೇ ಇಷ್ಟ. ಒಕ್ಕೂಟಕ್ಕೆ ಇಬ್ಬರೂ ಇಷ್ಟವಾಗಲಿಲ್ಲ. ಫ್ರೇಮು ಎರಡು ತ್ರಿಕೋನದ ಹಳೇ ಆಕಾರದಲ್ಲೇ ಇರಬೇಕು ಅಂತ 2000ರಿಂದ ಬಿಗಿ ಮಾಡಿತು.

ಬಾಗಿಲು ಮುಚ್ಚಿದರೆ ಕಿಟಕಿ ಹುಡುಕಿದರು. ಗೆಳೆಯನ ಸೈಕಲ್ಲಿನಲ್ಲಿ ಸೀಟಿನ ಕೆಳಗಿನ ಪೈಪು ಹಿಂದಿನ ಗಾಲಿಯ ದುಂಡಿಗೆ ತಕ್ಕಂತೆ ಬಾಗಿದೆ. ನಡುವೆ ಬೆರಳು ತೂರುವುದಿಲ್ಲ. ಗಾಳಿಯ ಪಾಲಿಗೆ ಎರಡೂ ಸೇರಿ ಒಂದೇ ರೆಕ್ಕೆ. ಬ್ರೇಕಿನ ಕೇಬಲ್ಲೆಲ್ಲ ಫ್ರೇಮಿನ ಹೊಟ್ಟೆಯೊಳಗೆ. ರಿಪೇರಿ ಮಾಡುವವನು ಶಾಪ ಹಾಕುತ್ತಾನೆ, ಅದು ಬೇರೆ ವಿಷಯ.

ನನಗೆ ತುಂಬ ಹಿಡಿಸಿದ್ದು ಟೋಕಿಯೋ ಒಲಿಂಪಿಕ್ಸ್‌ಗೆ ಬ್ರಿಟನ್ ತಂಡ ತಂದ ಟ್ರ್ಯಾಕ್ ಸೈಕಲ್. ಅದರ ಮುಂದಿನ ಫೋರ್ಕಿನ ಎರಡು ಕಾಲುಗಳು ಗಾಲಿಯಿಂದ ದೂರ, ಅಗಲವಾಗಿ ನಿಂತಿದ್ದವು. ನೋಡಿದರೆ ಇದು ಹೆಚ್ಚು ಗಾಳಿ ತಿನ್ನಬೇಕು ಅನ್ನಿಸುತ್ತದೆ. ಆದರೆ ಆ ಕಾಲುಗಳ ನೇರ ಹಿಂದೆಯೇ ಸವಾರನ ಕಾಲುಗಳು ಬರುತ್ತವೆ. ಮುಂದಿನದು ಗಾಳಿಯನ್ನು ಹದ ಮಾಡಿ ಹಿಂದಿನದಕ್ಕೆ ಕೊಡುತ್ತದೆ. ಫ್ರೇಮು ಒಂದನ್ನೇ ಗಾಳಿ ಊದುವ ಸುರಂಗದಲ್ಲಿಟ್ಟು ಅಳೆಯುವವನಿಗೆ ಇಂಥದ್ದು ಹೊಳೆಯುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಇಟಲಿಯ ಫಿಲಿಪ್ಪೋ ಗಾನಾ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ತುಳಿದ. ಅವನ ಸೈಕಲ್ಲಿನ ಸೀಟಿನಡಿಯ ಪೈಪಿನ ಮೇಲೆ ಸಾಲು ಸಾಲು ಉಬ್ಬುಗಳಿದ್ದವು, ಗೂನುಬೆನ್ನಿನ ತಿಮಿಂಗಿಲದ ಈಜುರೆಕ್ಕೆಯ ಮೇಲಿರುವಂಥವು. ಅಲ್ಲಿ ಸವಾರನ ಎರಡೂ ತೊಡೆಗಳು ಮೇಲೆ ಕೆಳಗೆ ಆಡುತ್ತ ಗಾಳಿಯನ್ನು ಕಲಕಿ ಹಾಕಿರುತ್ತವೆ. ಆ ಕಲಕಿದ ಗಾಳಿಯನ್ನು ಪೈಪಿಗೆ ಅಂಟಿಸಿ ಹಿಡಿಯಲು ಈ ಉಬ್ಬು.

ಇದನ್ನೆಲ್ಲ ಓದಿಕೊಂಡು ಮೊನ್ನೆ ಗೆಳೆಯನ ಮನೆಗೆ ಹೋದೆ. ಈ ಸಲ ಬಾರು ಮುಟ್ಟಿ ಮರ್ಯಾದೆಯಿಂದ ತಲೆಯಾಡಿಸಿದೆ. "ತಡಿ, ಒಂದು ರೌಂಡು ಹೊಡೆದು ತೋರಿಸ್ತೀನಿ" ಅಂತ ಅವನು ಹಾಗೇ ಹತ್ತಿದ. ಮೊಣಕೈ ಊರಿದ, ತಲೆ ತಗ್ಗಿಸಿದ, ಸರಿಯಾಗೇ ಹೊರಟ. ತಿರುವು ತಲುಪುವಷ್ಟರಲ್ಲಿ ಅವನ ಮನೆಯ ಜುಬ್ಬದೊಳಗೆ ಗಾಳಿ ನುಗ್ಗಿ ಬೆನ್ನ ಮೇಲೆ ಬಲೂನು ಕಟ್ಟಿದಂತಾಗಿತ್ತು.